ಕಾರಿನಡಿಯ ಬಿಳಿ ಹಾಳೆ

ಗ್ಯಾರೇಜು, ನಿನ್ನ ಕೆಲಸದ ಮೇಜು
ಹದಿನಾಲ್ಕನೆಯ ತಾರೀಖು, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಮಗಳೇ,

ಹೇಗಿದ್ದೀಯ? ಗಾಯ ಪೂರ್ತಿ ಮಾಗಿದೆ ಎಂದು ನಿನ್ನ ಗಂಡ ಹೇಳಿದ. ಹೊಸ ಕಾಲು ಕಟ್ಟಿಕೊಂಡು ಎರಡು ಕಂಬಿಗಳ ನಡುವೆ ಹನ್ನೆರಡು ಹೆಜ್ಜೆ ನಡೆದೆಯಂತೆ. ಹದಿಮೂರನೆಯದಕ್ಕೆ ಹಿಡಿಯಲು ಬಂದ ವ್ಯಾಯಾಮದ ಮೇಡಮ್ಮನನ್ನೇ ಗದರಿದೆಯಂತೆ. ಅದನ್ನು ಕೇಳಿ ನಿನ್ನತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು, ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಗದರುವಷ್ಟು ಜೀವ ಬಂದಿದೆಯಲ್ಲ, ಇನ್ನೇನು ಬೇಕು? ಊಟ ಸೇರುತ್ತಿದೆಯೇ? ಇಲ್ಲದ ಪಾದ ತುರಿಸುತ್ತದೆ, ಎಲ್ಲಿ ಕೆರೆದುಕೊಳ್ಳಲಿ ಮಾವ ಎಂದು ಬರೆದಿದ್ದೆ. ಅದು ಕಡಿಮೆಯಾಯಿತೇ? ಆ ಸಾಲು ಓದಿದ ದಿನ ನನ್ನ ಕೈಯಲ್ಲಿ ಕೆಲಸ ಸಾಗಲಿಲ್ಲ. ಇಲ್ಲಿ ನಾವೆಲ್ಲ ಆರಾಮ. ನನ್ನ ಕಿವಿ ಮಾತ್ರ ಈಗ ಪೂರ್ತಿಯಾಗಿ ಕೈಕೊಟ್ಟಿದೆ. ಫೋನಿನಲ್ಲಿ ನಿನ್ನ ಮಾತಿಗೆಲ್ಲ "ಹೂಂ ಹೂಂ" ಎಂದದ್ದು ಕೇಳಿಸಿಕೊಂಡು ಅಲ್ಲ, ಮರ್ಯಾದೆ ಉಳಿಸಿಕೊಳ್ಳಲು. ನಲವತ್ತು ವರ್ಷ ಎಂಜಿನ್ನಿಗೆ ಕಿವಿ ಕೊಟ್ಟವನಿಗೆ ಮನುಷ್ಯರ ಮಾತು ಕೇಳಲು ಏನೂ ಉಳಿದಿಲ್ಲ. ಅದಕ್ಕೇ ಈ ಕಾಗದ.

ಹಾಳೆ ಇಷ್ಟು ದೊಡ್ಡದೇಕೆ, ಎಂಟು ಮಡಿಕೆ ಏಕೆ ಎಂದು ಈಗಲೇ ಕೇಳಬೇಡ. ಓದಿ ಮುಗಿಸುವ ತನಕ ಹಿಂಬದಿ ತಿರುಗಿಸಲೂ ಬೇಡ. ಬೇಡ ಎಂದದ್ದನ್ನೇ ಮೊದಲು ಮಾಡುವವಳು ನೀನು, ಗೊತ್ತು. ಆದರೂ ಮಾವನ ಮಾತು ಎಂದು ಇದೊಂದು ಸಲ ಕೇಳು.

ನಿನ್ನ ಹೋದ ವಾರದ ಕಾಗದದಲ್ಲಿ ಎರಡೇ ಪ್ರಶ್ನೆ ಇದ್ದವು. "ಮಾವ, ಕಾರಿನ ಎಣ್ಣೆ ಸೋರಿಕೆ ನಿಂತಿತಾ?" ಒಂದು. "ನನ್ನ ಸ್ಪ್ಯಾನರುಗಳು ಎಲ್ಲಿವೆ?" ಇನ್ನೊಂದು. ಮೊದಲನೆಯದರ ಕಥೆ ದೊಡ್ಡದು, ಅದನ್ನು ಮೊದಲು ಹೇಳಿಬಿಡುತ್ತೇನೆ. ಎರಡನೆಯದನ್ನು ಮರೆತಿದ್ದೇನೆ ಎಂದುಕೊಳ್ಳಬೇಡ.

ಕೆಲಸ ಶುರು ಮಾಡಿದಾಗ ನನಗೆ ಅದೊಂದು ಸಣ್ಣ ಕೆಲಸ ಎಂದೇ ಅನಿಸಿತ್ತು. ನಿನ್ನ ಪುಟ್ಟ ಕಾರಿನಲ್ಲಿ ಎಡಗಾಲಿಗೆ ಇರುವ ಕೆಲಸ ಕ್ಲಚ್ ಒತ್ತುವುದೊಂದೇ. ಹಳೆಯ ಗೇರ್‌ಬಾಕ್ಸ್ ತೆಗೆದು, ಅದೇ ಮಾದರಿಯ ಆಟೋಮ್ಯಾಟಿಕ್ ಕಾರಿನದ್ದನ್ನು ಕೂರಿಸಿದರೆ ಕ್ಲಚ್ಚೇ ಇರುವುದಿಲ್ಲ, ಬಲಗಾಲೊಂದೇ ಸಾಕು. ಗುಜರಿಯವನ ಬಳಿ ಒಳ್ಳೆಯ ಗೇರ್‌ಬಾಕ್ಸೂ ಸಿಕ್ಕಿತು. ಆಸ್ಪತ್ರೆಯ ಗೇಟಿನಿಂದ ನಾನೇ ಕಾರು ಓಡಿಸಿಕೊಂಡು ಹೊರಬರಬೇಕು ಎಂದು ನೀನು ಹಟ ಹಿಡಿದಿದ್ದೆ. ಹದಿನೈದು ದಿನದ ಕೆಲಸ, ಅಷ್ಟೇ ತಾನೇ ಎಂದು ನಾನೂ ತೋಳೇರಿಸಿದೆ.

ಆದರೆ ಗೇರ್‌ಬಾಕ್ಸ್ ಇಳಿಸುವ ದಿನ ಕಾರಿನಡಿ ಹೋಗಿ ಏನೂ ಬಿಚ್ಚದೆ ಹೊರಬಂದೆ. ಆ ಲಾರಿಯ ಗೇರ್‌ಬಾಕ್ಸ್ ಆದ ಮೇಲೆ ನಾನು ಇಳಿಸುತ್ತಿದ್ದ ಮೊದಲ ಗೇರ್‌ಬಾಕ್ಸ್ ಇದು. ಮಗಳೇ, ಅವತ್ತಿನ ವಿಷಯ ನೀನೂ ಎತ್ತಿಲ್ಲ, ನಾನೂ ಎತ್ತಿಲ್ಲ. ಸರಪಳಿ ಜಾರಿದ್ದು ನನ್ನ ಬದಿಯದು. ಕೊಕ್ಕೆಯನ್ನು ಇನ್ನೊಂದು ಸಲ ನೋಡಬೇಕಿತ್ತು, ನೋಡಲಿಲ್ಲ. ಭಾರವೆಲ್ಲ ನಿನ್ನ ಬದಿಗೆ ವಾಲಿ ಎಡಗಾಲಿನ ಮೇಲೆ ಬಿತ್ತು. ಪೊಲೀಸರಿಗೂ ಡಾಕ್ಟರಿಗೂ ನೀನು "ಯಾರ ತಪ್ಪೂ ಅಲ್ಲ, ಆಗಿಹೋಯ್ತು" ಎಂದೆಯಂತೆ. ನನಗೆ ಮಾತ್ರ ಗೊತ್ತು ಯಾರ ತಪ್ಪು ಎಂದು, ನಿನಗೂ ಗೊತ್ತು. ಇದನ್ನು ಬರೆದು ಒಂದು ಸಲ ಮೇಜಿನಿಂದೆದ್ದು ಅಂಗಳದಲ್ಲಿ ತಿರುಗಾಡಿ ಬಂದೆ. ಈ ಸಲ ಸರಪಳಿ ಮುಟ್ಟಲಿಲ್ಲ. ಟೈರಿನಂಗಡಿಯವನಿಂದ ಗೇರ್‌ಬಾಕ್ಸ್ ಇಳಿಸುವ ಜಾಕ್ ತಂದು, ನಾಲ್ಕು ಕಡೆ ಪಟ್ಟಿ ಬಿಗಿದು, ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಇಳಿಸಿದೆ. ಇಳಿದ ಮೇಲೆ ಹತ್ತು ನಿಮಿಷ ಅದರ ಪಕ್ಕದಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ.

ಗೇರ್‌ಬಾಕ್ಸ್ ತೆಗೆದರೆ ಎಂಜಿನ್ನಿನ ಹಿಂಭಾಗ ಕಾಣುತ್ತದೆ, ಅಲ್ಲೊಂದು ರಬ್ಬರಿನ ಆಯಿಲ್ ಸೀಲ್ ಇರುತ್ತದೆ. ನಿನಗೆ ಹೇಳಬೇಕಾಗಿಲ್ಲ. ಆದರೆ ಕಾಗದವನ್ನು ತರುವ ನಿನ್ನ ಗಂಡನೂ ಇದನ್ನು ಓದುತ್ತಾನೆ, ಅವನು ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಮೇಷ್ಟ್ರು, ಸ್ಪ್ಯಾನರಿಗೂ ಇಕ್ಕಳಕ್ಕೂ ವ್ಯತ್ಯಾಸ ತಿಳಿಯದವನು. ಅವನಿಗಾಗಿ ಬಿಡಿಸಿ ಬರೆಯುತ್ತೇನೆ. ಎಂಜಿನ್ನಿನ ಒಳಗೆಲ್ಲ ಎಣ್ಣೆ ಓಡಾಡುತ್ತದೆ, ಒಳಗಿನ ದಪ್ಪ ಶಾಫ್ಟು ಗೇರ್‌ಬಾಕ್ಸಿಗಾಗಿ ಹೊರಗೆ ತಲೆ ಹಾಕಲೇಬೇಕು. ಆ ತೂತಿನಲ್ಲಿ ಎಣ್ಣೆಯನ್ನು ತಡೆಯುವುದು ಒಂದು ರಬ್ಬರ್ ಬಳೆ. ಅದರ ಅಂಚು ಉಗುರಿಗಿಂತ ತೆಳ್ಳಗೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಕಬ್ಬಿಣಕ್ಕೆ ಆ ಅಂಚು ಒರಗಿಕೊಂಡು ನಿಂತಿರುತ್ತದೆ, ವರ್ಷಗಟ್ಟಲೆ. ಇಷ್ಟು ದಿನ ಅದನ್ನು ಕಿತ್ತು ಕಸದ ಡಬ್ಬಕ್ಕೆ ಎಸೆಯುತ್ತಿದ್ದೆ. ಈ ಸಲ ಹಳೆಯ ಸೀಲನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದೆ. ಅಬ್ಬಾ, ಇಷ್ಟೇ ಇಷ್ಟು ವಸ್ತು, ಎಷ್ಟು ದೊಡ್ಡ ಕೆಲಸ ಅನಿಸಿತು. ಅಲ್ಲಿಂದ ನನಗೆ ಶುರುವಾದ ಬೆರಗು ಇವತ್ತಿಗೂ ಇಳಿದಿಲ್ಲ.

ಎಲ್ಲ ಬಿಚ್ಚಿದ್ದಾಗಲೇ ಹೊಸ ಸೀಲ್ ಹಾಕಿಬಿಡುವುದು ನಿನ್ನ ನಿಯಮ, ನಾನೂ ಹಾಕಿದೆ. ಗೇರ್‌ಬಾಕ್ಸ್ ಕೂರಿಸಿ, ಎಂಜಿನ್ ಓಡಿಸಿ, ಸಂಜೆ ಕಾರಿನಡಿ ನಿನ್ನ ಬಿಳಿ ಹಾಳೆ ಹಾಸಿದೆ. ಈ ಹಾಳೆಯ ಪದ್ಧತಿ ನೀನು ಮದುವೆಯಾಗಿ ಬಂದ ವರ್ಷ ತಂದದ್ದು. ಡ್ರಾಯಿಂಗ್ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಎರಡು ಚಕ್ರದ ಗುರುತು, ಬೆಳಿಗ್ಗೆ ಹಾಳೆ ಚೊಕ್ಕವಾಗಿದ್ದರೆ ಮಾತ್ರ ಕಾರು ಗ್ಯಾರೇಜು ಬಿಡಬೇಕು. ನಾನೆಷ್ಟು ಆಡಿಕೊಂಡಿದ್ದೆ! "ಹಳೇ ಎಂಜಿನ್ ಅಂದ್ಮೇಲೆ ನಾಲ್ಕು ಹನಿ ಬೀಳುತ್ತೆ ಕಣಮ್ಮ, ಅದಕ್ಕೂ ಪರೀಕ್ಷೆ ಇಡ್ತೀಯಾ?" ಎಂದಿದ್ದೆ. ನೀನು ಹಾಳೆ ಹಾಸುತ್ತಲೇ "ನಾಲ್ಕು ಹನಿ ಬೀಳುತ್ತೆ ಅಂತ ನಿಮಗೆ ಗೊತ್ತು ಮಾವ, ಎಲ್ಲಿಂದ ಅಂತ ಗೊತ್ತಾ?" ಎಂದಿದ್ದೆ. ನನಗೆ ಗೊತ್ತಿರಲಿಲ್ಲ, ಅದಕ್ಕೇ ಜೋರಾಗಿ ಕೆಮ್ಮಿದ್ದೆ.

ಮೊದಲ ಬೆಳಿಗ್ಗೆ ಹಾಳೆಯ ಮೇಲೆ ಎಂಟು ಹನಿ. ತಪ್ಪು ನನ್ನದೇ, ಒಪ್ಪಿಕೊಂಡೆ. ಅವಸರದಲ್ಲಿ ಸುತ್ತಿಗೆಯಿಂದ ಬಡಿದು ಕೂರಿಸಿದ್ದೆ, ಒಂದು ಪಕ್ಕ ಒಳಗೆ ಹೋಗಿ ಇನ್ನೊಂದು ಪಕ್ಕ ಹೊರಗೆ ನಿಂತಿತ್ತು. ಮತ್ತೆ ಎರಡು ದಿನದ ಕೆಲಸ, ಮತ್ತೆ ಗೇರ್‌ಬಾಕ್ಸ್ ಕೆಳಗೆ. ಎರಡನೆಯ ಸಲ ಭದ್ರವಾಗಲಿ ಎಂದು ಸುತ್ತ ಸಂದು ಮುಚ್ಚುವ ಗ್ಯಾಸ್ಕೆಟ್ ಪೇಸ್ಟನ್ನು ಧಾರಾಳವಾಗಿ ಮೆತ್ತಿದೆ. ಅಲ್ಲಿ ಮೊದಲಿದ್ದ ಹಳೆಯ ಪೇಸ್ಟನ್ನು ಉಳಿಯಿಂದ ಕೆರೆದಾಗ ಮೆತ್ತಗಿನ ಅಲ್ಯೂಮಿನಿಯಂ ಮೇಲೆ ಗೀರು ಬಿದ್ದದ್ದನ್ನು ನೋಡಲಿಲ್ಲ. ಎಣ್ಣೆಗೆ ಅಷ್ಟು ದಾರಿ ಸಾಕಾಯಿತು. ನೀನು ಇಂಥ ಕಡೆ ಪ್ಲಾಸ್ಟಿಕ್ ಪಟ್ಟಿಯಿಂದಲೇ ಕೆರೆಯುತ್ತಿದ್ದೆ, ಅದಕ್ಕೂ ನಾನು ನಕ್ಕಿದ್ದೆ. ಮೂರನೆಯ ಸಲ ಜಂಬವನ್ನೆಲ್ಲ ಮೂಲೆಗಿಟ್ಟು ಪೂರ್ತಿ ನಿನ್ನ ರೀತಿಯಲ್ಲೇ ಮಾಡಿದೆ. ಗೀರನ್ನು ನಯಮಾಡಿ ಒರೆಸಿ, ಸೀಲಿನ ಅಂಚಿಗೆ ಹೊಸ ಎಣ್ಣೆ ಸವರಿ, ಸರಿಯಳತೆಯ ಪೈಪಿನ ತುಂಡಿಟ್ಟು ಸುತ್ತಲೂ ಸಮವಾಗಿ ಒತ್ತಿ, ಬೋಲ್ಟುಗಳನ್ನು ಎದುರುಬದುರಾಗಿ ಬಿಗಿತ ಸಾಕಾದಾಗ ಸದ್ದು ಮಾಡುವ ನಿನ್ನ ಟಾರ್ಕ್ ರೆಂಚಿನಲ್ಲಿ ಬಿಗಿದೆ. ಅದರ "ಟಕ್" ಶಬ್ದ ನನಗೆ ಕೇಳಿಸದು, ಮಣಿಕಟ್ಟಿಗೆ ತಿಳಿಯಿತು. ನನ್ನ ಕೈಯೇ ಅಳತೆ ಎಂದು ಮೆರೆಯುತ್ತಿದ್ದವನು ಅದರ ಮಾತಿಗೆ ಕಾದು ಕುಳಿತೆ.

ಮರುದಿನ ಹಾಳೆಯ ಮೇಲೆ ಹನ್ನೊಂದು ಹನಿ.

ಅವತ್ತು ನಿನ್ನ ಮೇಲಾಣೆ, ಅಳು ಬಂದಿತು. ನೀನು ಆಸ್ಪತ್ರೆಯಿಂದ ಹೊರಡುವುದಕ್ಕೆ ಒಂಬತ್ತೇ ದಿನ ಉಳಿದಿತ್ತು. ಕಾಲು ಕಳೆದದ್ದು ನನ್ನ ಕೈಯಿಂದ, ಆ ಕಾಲಿನ ಬದಲಿಗೆ ಒಂದು ಕಾರು ಸರಿಮಾಡಿಕೊಡಲೂ ಈ ಕೈಗೆ ಆಗುವುದಿಲ್ಲವೇ ಎಂದು ತಲೆಯ ಮೇಲೆ ಕೈಹೊತ್ತು ಕುಳಿತೆ. ಆಮೇಲೆ ನಿನ್ನ ಪೌಡರ್ ಪರೀಕ್ಷೆ ನೆನಪಾಯಿತು. ಎಂಜಿನ್ನನ್ನೆಲ್ಲ ತೊಳೆದು ಒಣಗಿಸಿ, ನಿನ್ನತ್ತೆಯ ಮುಖದ ಪೌಡರ್ ಡಬ್ಬಿಯನ್ನು ಕದ್ದು ತಂದು ಮೇಲಿನಿಂದ ಕೆಳಗಿನವರೆಗೆ ಉದುರಿಸಿದೆ. ಎಂಜಿನ್ನು ಮದುಮಗಳಂತೆ ಬೆಳ್ಳಗಾಯಿತು. ಹತ್ತು ನಿಮಿಷ ಓಡಿಸಿ ಟಾರ್ಚ್ ಹಾಕಿ ನೋಡಿದರೆ ಸೋರಿಕೆ ಹಿಂದಿನ ಸೀಲಿನಲ್ಲೇ, ಜತೆಗೆ ಎಂಜಿನ್ನಿನ ತಲೆ ಮುಚ್ಚುವ ಟ್ಯಾಪೆಟ್ ಕವರಿನ ಮೂಲೆಯಲ್ಲೂ ಒಂದು ಸಣ್ಣ ಗೆರೆ. ಹೊಸ ಸೀಲ್, ಸರಿಯಾಗಿ ಕೂತ ಸೀಲ್, ಆದರೂ ಎಣ್ಣೆ ಅದನ್ನು ದಾಟಿ ಬರುತ್ತಿದೆ. ಹೇಗೆ? ನನ್ನ ನಲವತ್ತು ವರ್ಷದ ತಲೆಗೆ ಏನೇನೂ ಹೊಳೆಯಲಿಲ್ಲ.

ಖಾಲಿ ಡಬ್ಬಿ ಹುಡುಕಿಕೊಂಡು ನಿನ್ನತ್ತೆ ಗ್ಯಾರೇಜಿಗೇ ಬಂದಳು. ಬೈಯಲು ಬಂದವಳು ನನ್ನ ಮುಖ ನೋಡಿ ಎಂಜಿನ್ನಿನ ಕಡೆ ಬಗ್ಗಿದಳು. ಅವಳು ಜನ್ಮದಲ್ಲಿ ಸ್ಪ್ಯಾನರ್ ಮುಟ್ಟಿದವಳಲ್ಲ. ಆದರೆ ಅಡುಗೆಮನೆಯ ಕಿಟಕಿ ಗ್ಯಾರೇಜಿನ ಕಡೆಗೇ ಇದೆಯಲ್ಲ, ಏಳು ವರ್ಷ ನಿನ್ನನ್ನು ಅಲ್ಲಿಂದ ನೋಡಿದ್ದಾಳೆ. ನನ್ನ ಕಿವಿಯ ಹತ್ತಿರ ಬಾಯಿಟ್ಟು ಕೂಗಿದಳು, "ಅವಳು ಯಾವ ಗಾಡಿ ಬಂದ್ರೂ ಮೊದಲು ಅಂಗೈ ಇಡ್ತಿದ್ಲಲ್ಲ, ನೀವು ಇಟ್ರಾ?"

ಹೌದಲ್ಲ! ಎಂಜಿನ್ ಓಡುತ್ತಿರುವಾಗ ಎಣ್ಣೆ ಹಾಕುವ ಬಾಯಿಯ ಮುಚ್ಚಳ ತೆಗೆದು ಅದರ ಮೇಲೆ ನೀನು ಅಂಗೈ ಹಿಡಿಯುತ್ತಿದ್ದೆ. "ಏನಮ್ಮ, ಎಂಜಿನ್ನಿಗೆ ಆಶೀರ್ವಾದ ಮಾಡ್ತಿದ್ದೀಯಾ?" ಎಂದು ಗಿರಾಕಿಗಳ ಮುಂದೆ ಚೇಷ್ಟೆ ಮಾಡಿದ್ದೆ. "ಉಸಿರು ನೋಡ್ತಿದ್ದೀನಿ ಮಾವ" ಎಂದಿದ್ದೆ ನೀನು, ನಗದೆ. ನಾನು ಎಲ್ಲವನ್ನೂ ಕಿವಿಯಿಂದಲೇ ಹಿಡಿಯುತ್ತಿದ್ದವನು, ಅಂಗೈ ಹಿಡಿಯುವ ಗೋಜಿಗೆ ಎಂದೂ ಹೋಗಿರಲಿಲ್ಲ. ಈಗ ಹಿಡಿದೆ. ಮಗಳೇ, ಒಳಗಿನಿಂದ ಬಿಸಿಗಾಳಿ ಬುಸುಬುಸು ಎಂದು ಅಂಗೈಯನ್ನು ತಳ್ಳಿತು. ನಾನು ಕೈ ಹಿಂದಕ್ಕೆ ಎಳೆದುಕೊಂಡುಬಿಟ್ಟೆ. ಎಂಜಿನ್ನಿನ ಒಳಗೆ ಗಾಳಿ ಒತ್ತಿಕೊಂಡು ನಿಂತಿತ್ತು. ಹೊರಗೆ ಹೋಗಲು ದಾರಿ ಇಲ್ಲದೆ ಅದು ಎಣ್ಣೆಯನ್ನು ಸಿಕ್ಕ ಸಂದಿಯಲ್ಲೆಲ್ಲ ದಬ್ಬುತ್ತಿತ್ತು. ಪಾಪ, ಸೀಲಿನದೇನೂ ತಪ್ಪಿರಲಿಲ್ಲ.

ಆ ಗಾಳಿ ಹೋಗಬೇಕಾದ ಬ್ರೀದರ್ ಪೈಪನ್ನು ಹುಡುಕಿದೆ. ಈಗ ನಗಬೇಡ. ಹೊಸ ಗೇರ್‌ಬಾಕ್ಸಿನ ಎಣ್ಣೆ ತಂಪಾಗಲು ಎರಡು ಪೈಪುಗಳನ್ನು ಮುಂದಿನ ರೇಡಿಯೇಟರಿಗೆ ಎಳೆಯಬೇಕಿತ್ತಲ್ಲ. ನಿನಗೆ ಅಚ್ಚುಕಟ್ಟು ಇಷ್ಟ, ಬಾನೆಟ್ ತೆಗೆದ ಕೂಡಲೇ ನೀನು "ಭೇಷ್ ಮಾವ" ಎನ್ನಬೇಕು ಎಂದು, ಆ ಪೈಪು ಈ ವೈರು ಎಲ್ಲವನ್ನೂ ಸಾಲಾಗಿ ಜೋಡಿಸಿ ಪ್ಲಾಸ್ಟಿಕ್ ಪಟ್ಟಿಗಳಿಂದ ಬಿಗಿಯಾಗಿ ಕಟ್ಟಿದ್ದೆ. ಹೆಣ್ಣುಮಗುವಿನ ಜಡೆಯಷ್ಟು ಚೆಂದ. ಅದರ ನಡುವೆ ಈ ಬ್ರೀದರ್ ಪೈಪೂ ಸೇರಿತ್ತು. ತಣ್ಣಗಿದ್ದಾಗ ನೋಡಿದರೆ ಸರಿಯಾಗೇ ಕಾಣುತ್ತದೆ. ಬಿಸಿಯಾದಾಗ ರಬ್ಬರು ಮೆತ್ತಗಾಗಿ ಆ ಪಟ್ಟಿಯ ಕೆಳಗೆ ಚಪ್ಪಟೆಯಾಗಿ ಬಾಯಿ ಮುಚ್ಚಿಕೊಳ್ಳುತ್ತದೆ. ಮೊದಲೆರಡು ಸಲ ನನ್ನ ಕೈತಪ್ಪೂ ಇತ್ತು, ಆದರೆ ಮೂರು ಸೀಲು, ಆರು ದಿನದ ಕೆಲಸ ಎಲ್ಲ ಹಾಳಾದದ್ದು ನಾನು ಪ್ರೀತಿಯಿಂದ ಬಿಗಿದ ಒಂದು ಬೆರಳಗಲದ ಪಟ್ಟಿಯಿಂದ. ಕತ್ತರಿ ತಂದು ಕತ್ತರಿಸಿದೆ. ಪೈಪು ಮೆಲ್ಲಗೆ ದುಂಡಗಾಯಿತು. ಮತ್ತೆ ಅಂಗೈ ಹಿಡಿದರೆ ಏನೂ ಇಲ್ಲ, ಒಳಕ್ಕೆ ತುಸು ಎಳೆದುಕೊಂಡಂತೆ ಅಷ್ಟೇ. ನಿನ್ನತ್ತೆಯೂ ಕೈ ಒರೆಸಿಕೊಂಡು ಬಂದು ಹಿಡಿದು ನೋಡಿದಳು. ಇಬ್ಬರು ಮುದುಕರು ಒಂದು ಎಂಜಿನ್ನಿನ ಬಾಯಿಗೆ ಅಂಗೈ ಹಿಡಿದು ಮಕ್ಕಳ ಹಾಗೆ ಮುಖ ಮುಖ ನೋಡಿಕೊಂಡೆವು. ಏಳು ವರ್ಷ ನನ್ನ ಪಕ್ಕದಲ್ಲೇ ನಿಂತು ಇಷ್ಟು ದೊಡ್ಡ ವಿದ್ಯೆಯನ್ನು ಸದ್ದಿಲ್ಲದೆ ಮಾಡುತ್ತಿದ್ದೆಯಲ್ಲೇ! ನಿನಗೆ ಎದುರಿಗೆ ಹೇಳುವುದು ನನ್ನಿಂದ ಆಗುವುದಿಲ್ಲ, ಕಾಗದದಲ್ಲಿ ಹೇಳುತ್ತೇನೆ: ನೀನು ನನಗಿಂತ ದೊಡ್ಡ ಮೆಕ್ಯಾನಿಕ್.

ಸೀಲನ್ನು ಬದಲಿಸಲೇ ಇಲ್ಲ. ಮೂರನೆಯ ಸೀಲೇ ಇದೆ. ಅಂದಿನಿಂದ ಇವತ್ತಿನವರೆಗೆ ನಾಲ್ಕು ಹಾಳೆ ಹಾಸಿದ್ದೇನೆ, ಹಿಂದಿನ ಸೀಲಿನ ಜಾಗದಲ್ಲಿ ಒಂದು ಚುಕ್ಕೆಯೂ ಇಲ್ಲ. ನಿನ್ನ ಮೊದಲ ಪ್ರಶ್ನೆಗೆ ಇದು ಉತ್ತರ.

ಇನ್ನೊಂದು ವಿಷಯ ಹೇಳಿಬಿಡಬೇಕು. ನೀನು ಆಸ್ಪತ್ರೆ ಸೇರಿದ ಮೇಲೆ ನಾವು ಮೂವರೂ ಕೂತು, ನಿನ್ನನ್ನು ಒಂದು ಮಾತೂ ಕೇಳದೆ, ಇನ್ನು ನೀನು ಗಾಡಿ ಮುಟ್ಟುವುದು ಬೇಡ ಎಂದು ತೀರ್ಮಾನಿಸಿದ್ದೆವು. ಗ್ಯಾರೇಜಿನ ಮುಂದೆ ಒಂದು ಮೆತ್ತನೆಯ ಕುರ್ಚಿ, ಮೇಲೊಂದು ಫ್ಯಾನು, ಬಂದವರ ಹೆಸರು ಬರೆದುಕೊಂಡು ಒಳಗೆ ಕಳಿಸುವ ಕೆಲಸ. ಮಂಚವನ್ನೂ ಕೆಳಗಿನ ಕೋಣೆಗೆ ಇಳಿಸಿದೆವು, ಗ್ಯಾರೇಜಿನ ಗೂಡಿನಲ್ಲಿದ್ದ ನಿನ್ನ ಕೈಗವಸುಗಳನ್ನೂ ತೆಗೆದಿಟ್ಟೆವು. ಎಲ್ಲ ನಿನ್ನ ಒಳ್ಳೆಯದಕ್ಕೇ ಎಂದು ನನಗೆ ಖಾತ್ರಿಯಿತ್ತು. ನಿಜ ಹೇಳಲೇ? ನೀನು ಮತ್ತೆ ಒಂದು ಭಾರ ಎತ್ತುವುದನ್ನು ನೋಡುವ ಧೈರ್ಯ ನನಗಿರಲಿಲ್ಲ. ಪಟ್ಟಿ ಕತ್ತರಿಸಿದ ದಿನ ಕಾಫಿ ಕೊಡುತ್ತಾ ನಿನ್ನತ್ತೆ ನನಗೆ ಕೇಳುವ ಹಾಗೆ ಮತ್ತೆ ಕೂಗಿದಳು. ಬೀದಿಗೆಲ್ಲ ಕೇಳಿಸಿರಬೇಕು. "ಅವಳ ಅಂಗೈ ಇಲ್ದೆ ನಿಮಗೆ ಈ ಕಾರೊಂದು ಸರಿಮಾಡೋಕಾಗ್ಲಿಲ್ಲ. ಆ ಅಂಗೈಯನ್ನ ಹೆಸರು ಬರೆಯೋಕೆ ಕೂರಿಸ್ತೀರಾ?" ಮರುದಿನ ಆ ಮೆತ್ತನೆಯ ಕುರ್ಚಿ ಪಕ್ಕದ ಕ್ಷೌರದಂಗಡಿಗೆ ಹೋಯಿತು. ನಾನು ಈಗ ಬರೆಯುತ್ತಿರುವ ಈ ಮೇಜಿನ ನಾಲ್ಕೂ ಕಾಲುಗಳನ್ನು ಒಂದು ಗೇಣು ಕತ್ತರಿಸಿದ್ದೇನೆ, ಸ್ಟೂಲಿನಲ್ಲಿ ಕೂತವರ ಎದೆಮಟ್ಟಕ್ಕೆ ಬರುತ್ತದೆ. ನನ್ನ ಬೆನ್ನಿಗೆ ಇದು ಬಹಳ ಹಿಂಸೆ. ಆಗಲಿ.

ಹುಷಾರಾಗಿರು. ವ್ಯಾಯಾಮದ ಮೇಡಮ್ಮನನ್ನು ದಿನಕ್ಕೊಂದು ಸಲಕ್ಕಿಂತ ಹೆಚ್ಚು ಗದರಬೇಡ. ಕಣ್ತುಂಬ ನಿದ್ದೆ ಮಾಡು. ಹದಿಮೂರಲ್ಲ, ಸಾವಿರದ ಹದಿಮೂರು ಹೆಜ್ಜೆ ನಡೆಯುವ ಬಲ ನಿನಗೆ ಬರಲಿ ಎಂದು ನಾವಿಬ್ಬರೂ ಹರಸುತ್ತೇವೆ. ನಿನ್ನತ್ತೆ ಹೊಸ ಪೌಡರ್ ಡಬ್ಬಿ ತರಿಸಿ ಬೀಗ ಹಾಕಿಟ್ಟಿದ್ದಾಳೆ, ಅದನ್ನೂ ಬರೆಯಲು ಹೇಳಿದಳು.

ಇಂತಿ,
ಬೆಪ್ಪಾಗಿ, ಬೆರಗಾಗಿ ಕುಳಿತಿರುವ
ನಿನ್ನ ಮಾವ

ಮರೆತ ಮಾತು: ನಿನ್ನ ಗಂಡ ಹೊರಟು ನಿಂತಿದ್ದಾನೆ, ಬಸ್ಸಿಗೆ ಹೊತ್ತಾಯಿತು ಎಂದು ಕುಣಿಯುತ್ತಿದ್ದಾನೆ. ಈಗ ಹಾಳೆ ತಿರುಗಿಸು. ಪೆನ್ಸಿಲಿನ ಚಕ್ರದ ಗುರುತು ಕಂಡಿತೇ? ನೀನು ಇಷ್ಟು ಹೊತ್ತು ಓದಿದ್ದು ಇವತ್ತು ಬೆಳಿಗ್ಗೆ ನಿನ್ನ ಕಾರಿನಡಿಯಿಂದ ತೆಗೆದ ಹಾಳೆ. ಹಿಂದಿನ ಸೀಲಿನ ಜಾಗ ಚೊಕ್ಕ. ಆದರೆ ಬಲಗಡೆಯ ಮೂಲೆಯಲ್ಲಿ ಒಂದೇ ಒಂದು ಹನಿ ಇದೆ ನೋಡು, ಅದು ಟ್ಯಾಪೆಟ್ ಕವರಿನದು. ಕವರಿನಡಿಯ ಹಳೆಯ ರಬ್ಬರ್ ಗ್ಯಾಸ್ಕೆಟ್ ಕಲ್ಲಾಗಿದೆ, ಏಳು ಬೋಲ್ಟು, ಅರ್ಧ ಗಂಟೆಯ ಕೆಲಸ, ನನಗೆ ಗೊತ್ತು. ನಾನು ಮಾಡುವುದಿಲ್ಲ. ನಿನ್ನ ನಿಯಮದ ಪ್ರಕಾರ ಈ ಹನಿ ಇರುವ ತನಕ ಕಾರು ಯಾರೂ ಓಡಿಸುವಂತಿಲ್ಲ. ಅದಕ್ಕೇ ಶುಕ್ರವಾರ ಅದನ್ನು ಲಾರಿಯ ಮೇಲೆ ಹೇರಿಕೊಂಡು ಆಸ್ಪತ್ರೆಯ ಅಂಗಳಕ್ಕೆ ತರುತ್ತೇನೆ, ಡಾಕ್ಟರರ ಒಪ್ಪಿಗೆ ಪಡೆದಿದ್ದೇನೆ. ಕವರು ಎಂಜಿನ್ನಿನ ತಲೆಯ ಮೇಲಿದೆ, ಸ್ಟೂಲಿನಲ್ಲಿ ಕೂತೇ ಕೈಗೆ ಸಿಗುತ್ತದೆ, ಅಳತೆ ಹಿಡಿದು ನೋಡಿದ್ದೇನೆ. ಹೊಸ ಗ್ಯಾಸ್ಕೆಟ್ ಪೊಟ್ಟಣ ಒಡೆದಿಲ್ಲ. ನಿನ್ನ ಎರಡನೆಯ ಪ್ರಶ್ನೆಗೆ ಉತ್ತರ: ನಿನ್ನ ಸ್ಪ್ಯಾನರುಗಳು ನನ್ನ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿದ್ದವು. ಬೀಗ ಹಾಕಿದವನು ನಾನೇ. ಈಗ ಒರೆಸಿ ಎಣ್ಣೆ ಸವರಿ ನಿನ್ನ ಕಾರಿನ ಮುಂದಿನ ಸೀಟಿನ ಮೇಲೆ ಇಟ್ಟಿದ್ದೇನೆ, ಹತ್ತನೆಯ ನಂಬರಿನದು ಮೇಲ್ಗಡೆಯೇ ಇದೆ. ನೀನು ಬೋಲ್ಟು ಬಿಗಿ, ನಾನು ಹಾಳೆ ಹಾಸುತ್ತೇನೆ. ಶನಿವಾರ ಬೆಳಿಗ್ಗೆ ಹಾಳೆಯನ್ನು ನೀನೇ ಎತ್ತಿ ನೋಡಿ ಹೇಳಬೇಕು, ಆಮೇಲೆ ಗೇಟು ತೆಗೆಸುತ್ತೇನೆ.